ಪಾಲಿಗೆ ಹಿಡಿದ ತಂಡ

ಬೈಲಹೊಂಗಲದ ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ತಂಡವನ್ನು ನೇಸರಗಿಯ ಭೀಮಶಿ ಪಾಲಿಗೆ ಮಾಡುತ್ತಿದ್ದ. ಹೊಲ ಪಾಲಿಗೆ ಮಾಡುವುದೆಂದರೆ ನಮ್ಮ ಸೀಮೆಯಲ್ಲಿ ಕೂಸಿಗೂ ಗೊತ್ತು. ಭೂಮಿ ಒಬ್ಬರದು, ದುಡಿಮೆ ಇನ್ನೊಬ್ಬರದು, ಬೀಜ ಗೊಬ್ಬರದ ಖರ್ಚು ಅರ್ಧರ್ಧ, ರಾಶಿಯಾದ ಮೇಲೆ ಇಬ್ಬರೂ ಕಣದಲ್ಲೇ ನಿಂತು ಬೆಳೆಯನ್ನು ಅರ್ಧರ್ಧ ಅಳೆದುಕೊಳ್ಳುವುದು. ಆದರೆ ಚೆಂಡು ಎಸೆಯುವ ಹುಡುಗಿಯರ ತಂಡವನ್ನು ಯಾರಾದರೂ ಪಾಲಿಗೆ ಹಿಡಿದದ್ದನ್ನು ಕೇಳಿದ್ದೀರಾ? ನಾನಂತೂ ಕೇಳಿರಲಿಲ್ಲ. ಕೇಳಿದ ದಿನ ಅಂಗಡಿಯಲ್ಲಿ ಗಿರಾಕಿಗಳ ಎದುರಿಗೇ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ.

ನಾನು ಯಾರೆಂದು ಹೇಳಿಬಿಡುತ್ತೇನೆ. ಹೆಸರು ನಾಗರತ್ನಾ. ಕಿತ್ತೂರಿನ ಪೇಟೆಯಲ್ಲಿ ನನ್ನದೊಂದು ಪಾತ್ರೆ ಅಂಗಡಿ ಇದೆ. ಕೆಲವು ವರ್ಷಗಳ ಹಿಂದೆ ಸವದತ್ತಿಯ ಪೆಟ್ರೋಲ್ ಪಂಪಿನ ಗೌರೀಶನ ತಲೆಯಲ್ಲಿ ಒಂದು ಹುಳ ಹೊಕ್ಕಿತು. ಟಿವಿಯಲ್ಲಿ ಕಬಡ್ಡಿ ಲೀಗು ನೋಡಿ ನೋಡಿ, ನಮ್ಮ ನಾಲ್ಕೂರಿಗೂ ಒಂದು ಲೀಗು ಬೇಕು ಎಂದ. ಕಬಡ್ಡಿ ತಂಡ ಪ್ರತಿ ಹಳ್ಳಿಯಲ್ಲೂ ಇದೆ, ಅದಕ್ಕೆ ಟಿಕೆಟ್ ತೆಗೆಸಿ ಯಾರು ನೋಡುತ್ತಾರೆ? ಯಾರೂ ಮಾಡದ್ದನ್ನು ಮಾಡೋಣ ಎಂದು ಹೆಣ್ಣುಮಕ್ಕಳ ಬಾಸ್ಕೆಟ್‌ಬಾಲ್ ಹಿಡಿದ. ಸವದತ್ತಿ ತಂಡ ಅವನಿಗೆ, ರಾಮದುರ್ಗದ್ದು ಸೀರೆ ವ್ಯಾಪಾರಿ ಬಸವಲಿಂಗನಿಗೆ, ಬೈಲಹೊಂಗಲದ್ದು ಹತ್ತಿ ದಲಾಲಿಯ ಅಡತಿ ಅಂಗಡಿ ಇಟ್ಟಿದ್ದ ನಿಜಗುಣಪ್ಪ ಸಾವ್ಕಾರರಿಗೆ, ಕಿತ್ತೂರಿನದು ನನಗೆ. ನನಗೆ ಆಟದ ಗಂಧಗಾಳಿ ಇರಲಿಲ್ಲ. ಮೂವರು ಗಂಡಸರು ಹೆಣ್ಣುಮಕ್ಕಳ ಆಟಕ್ಕೆ ಮಾಲೀಕರಾಗಿ ಮೆರೆಯುವಾಗ ಒಬ್ಬ ಹೆಂಗಸಾದರೂ ಅವರ ನಡುವೆ ಕೂರಲಿ ಎಂಬ ಸೊಕ್ಕಿನಿಂದ ದುಡ್ಡು ಹಾಕಿದೆ.

ಮೊದಲ ವರ್ಷ ನಮ್ಮಲ್ಲಿ ಹುರುಪು ಇತ್ತು, ಕಾಯಿದೆ ಇರಲಿಲ್ಲ. ಗೌರೀಶ ಹರಾಜಿನಲ್ಲಿ ಎತ್ತರದ ಹುಡುಗಿಯರನ್ನೆಲ್ಲ ತಾನೇ ಕೊಂಡ. ಯಾರು ಗೆಲ್ಲುತ್ತಾರೆ ಎಂಬುದು ಜನರಿಗೆ ಬಸ್‌ಸ್ಟ್ಯಾಂಡಿನಲ್ಲೇ ಗೊತ್ತಾಗುತ್ತಿತ್ತು, ಹೀಗಾಗಿ ಮೈದಾನದ ತನಕ ಬರುವುದನ್ನೇ ಬಿಟ್ಟರು. ಕೈ ಸುಟ್ಟುಕೊಂಡ ಮೇಲೆ ನಮಗೆ ಬುದ್ಧಿ ಬಂತು. ಯಾವ ತಂಡವೂ ಪಗಾರಕ್ಕೆ ಇಷ್ಟಕ್ಕಿಂತ ಹೆಚ್ಚು ಖರ್ಚು ಮಾಡಬಾರದು ಎಂದು ಮಿತಿ ಹಾಕಿಕೊಂಡೆವು. ಟಿಕೆಟ್ಟಿನ ದುಡ್ಡು ಪಂದ್ಯ ನಡೆದ ಊರಿನ ಮಾಲೀಕರಿಗೆ, ಬೀಜದ ಕಂಪನಿ, ಟ್ರ್ಯಾಕ್ಟರ್ ಶೋರೂಮುಗಳ ಜಾಹೀರಾತಿನ ದುಡ್ಡು ನಾಲ್ವರಿಗೂ ಸಮ. ಯಾರಾದರೂ ತಂಡ ಮಾರುವುದಾದರೆ ನಾಲ್ಕರಲ್ಲಿ ಮೂರು ಓಟು ಬೇಕು, ಬಂದ ಬೆಲೆಯಲ್ಲಿ ಒಂದಿಷ್ಟು ಉಳಿದ ಮೂವರಿಗೆ ಹಂಚಬೇಕು. ಇಷ್ಟು ಕಾಯಿದೆ ಮಾಡಲು ಎಷ್ಟೋ ಸಲ ಕೂತೆವು, ಎಷ್ಟೋ ಸಲ ಜಗಳಾಡಿದೆವು. ಆಡುವ ಹುಡುಗಿಯರ ಬಗ್ಗೆ ಅದರಲ್ಲಿ ಒಂದು ಸಾಲೂ ಬರೆಯಲಿಲ್ಲ. ಬರೆಯಬೇಕೆಂದು ನಮಗೆ ಹೊಳೆಯಲೂ ಇಲ್ಲ.

ಆ ವರ್ಷ ಎಲ್ಲರಿಗಿಂತ ಹೆಚ್ಚು ಕಳೆದುಕೊಂಡವರು ನಿಜಗುಣಪ್ಪನವರು. ಯುಗಾದಿ ಪಾಡ್ಯದ ದಿನ ಹೊಲಮನೆಯ ಕರಾರುಗಳೆಲ್ಲ ಬದಲಾಗುತ್ತವಲ್ಲ, ಆಳುಗಳು ಬಿಡುವುದು ಸೇರುವುದು, ಹೊಲ ಪಾಲಿಗೆ ಕೊಡುವುದು ಬಿಡಿಸುವುದು, ಆವತ್ತೇ ಅವರು ಭೀಮಶಿಗೆ ಹೇಳಿಕಳಿಸಿದರು. ಭೀಮಶಿಯ ಅಪ್ಪ ಲಗಮಪ್ಪ ಸಾವ್ಕಾರರ ನೇಸರಗಿಯ ಹೊಲವನ್ನು ಪಾಲಿಗೆ ಮಾಡುತ್ತಲೇ ಮುದುಕನಾದವನು. ಮಗ ಎತ್ತರಕ್ಕೆ ಬೆಳೆದು ಮಿಲಿಟರಿ ಸೇರಿದ. ಅಲ್ಲಿ ಅವನ ಎತ್ತರ ನೋಡಿ ಕೈಗೆ ಬಾಸ್ಕೆಟ್‌ಬಾಲ್ ಕೊಟ್ಟರು. ಪಲ್ಟನ್ನಿನ ತಂಡದಲ್ಲಿ ಆಡಿ ಆಡಿ ಒಂದು ಮೊಣಕಾಲು ಕಳೆದುಕೊಂಡು, ಹವಾಲ್ದಾರನಾಗಿ ಪಿಂಚಣಿ ಹಿಡಿದು ಊರಿಗೆ ಬಂದಿದ್ದ. ನಡೆದರೆ ಸ್ವಲ್ಪ ಎಡಕ್ಕೆ ವಾಲುತ್ತಾನೆ.

ಆವತ್ತಿನ ಮಾತುಕತೆಯನ್ನು ಭೀಮಶಿಯೇ ನನಗೆ ಎಷ್ಟೋ ಸಲ ಅಭಿನಯ ಮಾಡಿ ತೋರಿಸಿದ್ದಾನೆ.

"ಭೀಮಶಿ, ನಿಮ್ಮಪ್ಪ ನಮ್ಮ ಹೊಲಾ ಪಾಲಿಗಿ ಮಾಡ್ತಿದ್ದ. ನೀ ನಮ್ಮ ಟೀಮ್ ಪಾಲಿಗಿ ಮಾಡು," ಎಂದರಂತೆ ಸಾವ್ಕಾರರು. "ಗ್ರೌಂಡು, ಬಟ್ಟಿ, ಗಾಡಿ ನಂದು. ದುಡಿಮಿ ನಿಂದು. ಹುಡುಗ್ಯಾರ ಪಗಾರ ಅರ್ಧಾ ನಾ ಕೊಡತೇನಿ, ಅರ್ಧಾ ನೀ ಕೊಡು. ಬಂದದ್ದರಾಗ ಅರ್ಧಾ ಅರ್ಧಾ."

"ಲುಕ್ಸಾನ ಆದ್ರ ಹ್ಯಾಂಗ್ರಿ ಸಾವ್ಕಾರ್ರ?"

"ಮಳಿ ಆಗಲಿಲ್ಲಂದ್ರ ನಿಮ್ಮಪ್ಪ ಯಾರನ್ನ ಕೇಳ್ತಿದ್ದ?"

 ಭೀಮಶಿ ಎಲೆ ಅಡಿಕೆ ತೆಗೆದುಕೊಂಡ, ಕರಾರು ಮುಗಿಯಿತು. ಪಿಂಚಣಿ ದುಡ್ಡು ಹುಡುಗಿಯರ ಪಗಾರಕ್ಕೆ ಹೋಗುತ್ತದೆಂದು ತಿಳಿದ ಮೇಲೆ ಅವನ ಹೆಂಡತಿ ಶಟ್ಟೆವ್ವ ಅವನ ಜೊತೆ ಬಹಳ ದಿನ ಮಾತು ಬಿಟ್ಟಿದ್ದಳು.

ಅವನು ಹರಾಜಿನ ಕಡೆ ತಲೆಹಾಕಲಿಲ್ಲ. ಹಳೆಯ ಮೊಪೆಡ್ಡು ಹತ್ತಿ ಹಳ್ಳಿ ಹಳ್ಳಿ ತಿರುಗಿದ. ಮುನವಳ್ಳಿಯ ಸಂತೆಯಲ್ಲಿ ಈರುಳ್ಳಿ ಚೀಲ ಇಳಿಸುವ ಅಕ್ಕತಂಗಿಯರು ಸಿಕ್ಕರು. ಕಟಕೋಳದಲ್ಲಿ ನೀಲಾ ಸಿಕ್ಕಳು. ಆ ಹುಡುಗಿ ಬಣವೆಯ ಕೆಳಗೆ ನಿಂತು ಜೋಳದ ಕಣಿಕೆಯ ಒಣದಂಟು ಕಟ್ಟಿದ ಸೂಡುಗಳನ್ನು ಮೇಲಿದ್ದವರ ಕೈಗೆ ಎಸೆಯುತ್ತಿದ್ದಳಂತೆ. ಒಂದು ಸೂಡೂ ಆಚೀಚೆ ಹೋಗುತ್ತಿರಲಿಲ್ಲವಂತೆ. ಭೀಮಶಿ ಗಾಡಿ ನಿಲ್ಲಿಸಿ ಬಣವೆ ಮುಗಿಯುವ ತನಕ ನೋಡಿ, ಅವಳ ಅವ್ವ ಬಾಯವ್ವನ ಮುಂದೆ ಹೋಗಿ ಕೂತ. ಚಡ್ಡಿ ಹಾಕಿಕೊಂಡು ಮಂದಿ ಮುಂದೆ ಜಿಗಿಯುವ ಹುಡುಗಿಯನ್ನು ಯಾರು ಲಗ್ನ ಮಾಡಿಕೊಳ್ಳುತ್ತಾರೆ ಎಂದು ಬಾಯವ್ವ ಬೈದು ಕಳಿಸಿದಳು. ಮರುದಿನ ಅವನು ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋದ. ಅಲ್ಲಿಯ ತನಕ ಈ ಆಟವೆಂದರೆ ಉರಿದುಬೀಳುತ್ತಿದ್ದ ಶಟ್ಟೆವ್ವ ನೀಲಾಳನ್ನು ಮೇಲಿಂದ ಕೆಳಗೆ ನೋಡಿ, "ನನ್ನ ಮನ್ಯಾಗ ಇರಲಿ ಬಿಡವಾ, ನನ್ನ ಕಣ್ಣಮುಂದ ಇರ್ತಾಳ" ಎಂದುಬಿಟ್ಟಳು. ಅಲ್ಲಿಂದ ಹಳ್ಳಿಯ ಹುಡುಗಿಯರೆಲ್ಲ ತಂಡಕ್ಕಾಗಿ ಅವರು ಬೈಲಹೊಂಗಲದಲ್ಲಿ ಹಿಡಿದಿದ್ದ ಬಾಡಿಗೆ ಮನೆಯಲ್ಲೇ ಉಳಿದರು, ಭೀಮಶಿ ಅವರಿಗೆಲ್ಲ ಕಾಕಾ ಆದ. ಶಟ್ಟೆವ್ವ ರೊಟ್ಟಿ ಬಡಿದು ಬಡಿದು ಸುಸ್ತಾದರೂ ಒಬ್ಬ ಹುಡುಗಿ ಕಡಿಮೆ ಉಂಡರೆ ಮನೆ ತಲೆಯ ಮೇಲೆ ಹೊತ್ತುಕೊಳ್ಳುತ್ತಿದ್ದಳು.

ಎರಡು ಸೀಸನ್ನು ಕಳೆಯುವಷ್ಟರಲ್ಲಿ ಬೈಲಹೊಂಗಲದ ತಂಡ ನಮಗೆಲ್ಲ ನೀರು ಕುಡಿಸಿತು. ಕಿತ್ತೂರಿನ ನಮ್ಮ ಅಂಗಳದಲ್ಲೇ ನೀಲಾ ನಮ್ಮ ಹುಡುಗಿಯರ ತಲೆಯ ಮೇಲಿಂದ ಚೆಂಡು ಹಾಕುವಾಗ ನನಗೆ ಸಿಟ್ಟು ನೆತ್ತಿಗೇರುತ್ತಿತ್ತು. ಆದರೆ ಅವಳನ್ನು ನೋಡಲೆಂದೇ ಜನ ಟಿಕೆಟ್ ತೆಗೆಸುತ್ತಿದ್ದರು, ಜಾಹೀರಾತಿನವರು ಹೆಚ್ಚು ಕೊಡತೊಡಗಿದರು. ಸೋತು ಲಾಭ ಮಾಡಿಕೊಳ್ಳುವುದು ಎಂಥ ವಿಚಿತ್ರವೆಂದು ನನಗೆ ಆಗ ತಿಳಿಯಿತು. ಪಂದ್ಯ ಮುಗಿದ ಮೇಲೆ ಭೀಮಶಿ ಕುಂಟುತ್ತ ಬಂದು, "ಈ ವರ್ಷ ಬೆಳಿ ಚಲೋ ಐತ್ರಿ ಅಕ್ಕಾರ" ಎನ್ನುತ್ತಿದ್ದ. ಬೆಳೆ ಎಂದರೆ ಹುಡುಗಿಯರು. ಆ ಮಾತು ನನಗೆ ಬಹಳ ಇಷ್ಟವಾಗುತ್ತಿತ್ತು. ಎಷ್ಟು ಪ್ರೀತಿಯಿಂದ ಹೇಳುತ್ತಾನೆ ಎಂದುಕೊಳ್ಳುತ್ತಿದ್ದೆ, ಅದರಲ್ಲಿ ಪ್ರೀತಿ ಇದ್ದದ್ದೂ ನಿಜವೇ.

ಭೀಮಶಿಯ ಮೂರನೆಯ ಸೀಸನ್ನು ಅರ್ಧಕ್ಕೆ ಬಂದಿತ್ತು. ಸಂಕ್ರಮಣ ಮುಗಿದ ವಾರ ಹುಬ್ಬಳ್ಳಿಯಲ್ಲಿ ಸೈಟು ಮಾರುವ ಯುವರಾಜ ಎಂಬವನು ನಿಜಗುಣಪ್ಪನವರ ಅಡತಿಗೆ ಬಂದ. ತಂಡ ಕೊಡುತ್ತೀರಾ ಎಂದ. ಅವನು ಹೇಳಿದ ಬೆಲೆ ಕೇಳಿ ಸಾವ್ಕಾರರಿಗೆ ಆ ಸಂಜೆ ಊಟ ಸೇರಲಿಲ್ಲವಂತೆ. ಯುವರಾಜನ ಷರತ್ತುಗಳು ಸರಳವಾಗಿದ್ದವು. ತಂಡ ಮುಂದಿನ ತಿಂಗಳಿಂದಲೇ ಹುಬ್ಬಳ್ಳಿಯ ಹೆಸರಿನಲ್ಲಿ ಆಡಬೇಕು. ಹುಡುಗಿಯರೆಲ್ಲ ತಂಡದ ಜೊತೆಗೇ ಬರಬೇಕು. ಕೋಚ್ ಬೇಡ, ತನ್ನ ಬಳಿ ಇದ್ದಾನೆ.

ಸುದ್ದಿ ತಿಳಿದ ಮರುದಿನ ಭೀಮಶಿ ನನ್ನ ಅಂಗಡಿಗೆ ಬಂದ. ಚಹಾ ತರಿಸಿದರೆ ಕುಡಿಯಲಿಲ್ಲ. ಒಂದು ತಂಬಿಗೆಯನ್ನು ಕೈಯಲ್ಲಿ ಹಿಡಿದು ತಿರುಗಿಸುತ್ತ ಕೂತ.

"ಅಕ್ಕಾರ, ನಿಮ್ಮ ಓಟು ಯಾ ಕಡೆ?"

ನಾನು ಸುಳ್ಳು ಹೇಳುವವಳಲ್ಲ. ನನ್ನ ಪಾಲಿಗೆ ಬರುವ ದುಡ್ಡಿನಲ್ಲಿ ಅಂಗಡಿಯ ಸೋರುವ ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬು ಹಾಕಿಸಬಹುದೆಂದು ರಾತ್ರಿಯೇ ಲೆಕ್ಕ ಹಾಕಿದ್ದೆ. ಹಾಗೆಂದು ಅವನಿಗೂ ಹೇಳಿದೆ.

ಅವನು ಬೇಜಾರು ಮಾಡಿಕೊಳ್ಳಲಿಲ್ಲ. "ಮಾಳಗಿ ತಗಸ್ರಿ, ನಾ ಬ್ಯಾಡನ್ನೂದಿಲ್ಲ. ಆದ್ರ ಬೆಳಿ ಇನ್ನೂ ನಿಂತೈತ್ರಿ. ನಿಂತ ಬೆಳಿಯೊಳಗ ಪಾಲುಗಾರನ್ನ ಬಿಡಸೂದಂದ್ರ ಹ್ಯಾಂಗ್ರಿ? ನಿಮ್ಮಪ್ಪಾರು ಯಾವತ್ತರ ಬಿಡಸಿದ್ರೇನು?"

ಬಿಡಿಸಿರಲಿಲ್ಲ. ನಮ್ಮಪ್ಪ ಬಾಯಿ ಜೋರಿನ ಮನುಷ್ಯ, ಪಾಲುಗಾರರ ಜೊತೆ ಕಣದಲ್ಲಿ ಕೂಗಾಡುತ್ತಿದ್ದ. ಆದರೆ ರಾಶಿಯಾಗುವ ಮೊದಲು ಯಾರನ್ನೂ ಹೊಲದಿಂದ ಇಳಿಸಿದವನಲ್ಲ. ಹಾಗೆ ಮಾಡಿದ ಮನೆಯ ಹೊಲವನ್ನು ಮುಂದೆ ಯಾರೂ ಪಾಲಿಗೆ ಹಿಡಿಯುವುದಿಲ್ಲ. ಇದು ಕೋರ್ಟಿನ ಕಾಯಿದೆಯಲ್ಲ, ಆದರೂ ಭೂಮಿ ಇದ್ದವರು ಇದಕ್ಕೆ ಅಂಜುತ್ತಾರೆ. ಉಳಿದ ಮೂವರು ಮಾಲೀಕರೂ ಭೂಮಿ ಇದ್ದವರೇ. ಇದೇ ಮಾತನ್ನು ಮೀಟಿಂಗಿನಲ್ಲಿ ಹೇಳು ಎಂದು ನಾನು ಭೀಮಶಿಗೆ ಹೇಳಿಕಳಿಸಿದೆ. ನನ್ನ ಜಾಣತನಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಮೀಟಿಂಗು ನಿಜಗುಣಪ್ಪನವರ ಅಡತಿಯಲ್ಲಿ ನಡೆಯಿತು. ಯುವರಾಜ ಹುಡುಗಿಯರನ್ನು ಕಣ್ಣಾರೆ ನೋಡಬೇಕೆಂದಿದ್ದ, ಹೀಗಾಗಿ ಹತ್ತೂ ಜನ ಹೊರಗಿನ ಪಡಸಾಲೆಯಲ್ಲಿ ಹತ್ತಿ ತುಂಬಿದ ಅಂಡಿಗೆಗಳ ಮೇಲೆ ಕೂತಿದ್ದರು. ಒಳಗೆ ಗಾದಿಯ ಮೇಲೆ ನಾವು ನಾಲ್ವರು, ಕುರ್ಚಿಯಲ್ಲಿ ಯುವರಾಜ, ಬಾಗಿಲ ಬಳಿ ಭೀಮಶಿ. ಕೂತುಕೋ ಎಂದರೂ ಅವನು ನಿಂತೇ ಇದ್ದ.

"ಸಾವ್ಕಾರ್ರ, ಹೊಲಾ ನಿಮ್ದು," ಎಂದ. "ಮಾರೂದಿದ್ರ ಮಾರ್ರಿ, ನಾ ಅಡ್ಡ ಬರಾಂವಲ್ಲ. ಹೊಲದ ರೊಕ್ಕದಾಗೂ ನಂದೇನಿಲ್ಲ. ಆದ್ರ ಪಾಡ್ಯೇಕ ತಗೊಂಡೇನಿ, ಪಾಡ್ಯೇಕ ಬಿಡತೇನಿ. ನಡಬರಕ ಬಿಡಾಂವಲ್ಲ. ಮತ್ತ ಬೆಳಿಯೊಳಗ ಅರ್ಧಾ ನಂದು. ಹತ್ತ ಮಂದಿ ಹುಡುಗ್ಯಾರೊಳಗ ಐದು ಮಂದಿ ನನ್ನ ಕಡೆ ಬರಬೇಕು."

ನಿಜಗುಣಪ್ಪನವರು ತಲೆ ತಗ್ಗಿಸಿದರು. ಎಷ್ಟು ದೊಡ್ಡ ವ್ಯಾಪಾರಿಯಾದರೂ ಲಗಮಪ್ಪನ ಮಗ ನಿಂತ ಬೆಳೆಯ ಮಾತು ಎತ್ತಿದ ಮೇಲೆ ಅವರು ಇಲ್ಲ ಎನ್ನುವಂತಿರಲಿಲ್ಲ. "ಅಂವ ಅನ್ನೂದು ಖರೇ ಐತಿ," ಎಂದು ಬಸವಲಿಂಗ ತೊಡೆ ತಟ್ಟಿದ. "ಕಣದಾಗ ಹಂಚಿದಂಗ ಹಂಚರಿ. ಒಂದು ಇವರಿಗಿ, ಒಂದು ಅವಂಗ." ಗೌರೀಶ ಅದಕ್ಕೂ ಒಂದು ಕಾಯಿದೆ ಸೂಚಿಸಿದ: ಮೊದಲು ಆರಿಸುವ ಹಕ್ಕು ಪಾಲುಗಾರನಿಗಿರಲಿ, ಎತ್ತರದವರು ಒಂದೇ ಕಡೆ ಹೋಗದಿರಲಿ. ಯುವರಾಜ ಬೆರಳು ಎಣಿಸತೊಡಗಿದ. ನಾನೂ ಸುಮ್ಮನಿರಲಿಲ್ಲ. "ನೀಲಾ ಭೀಮಶಿ ಕಡೆ ಇರಲಿ. ಅಕಿನ್ನ ಹುಡಕಿ ತಂದಾಂವ ಅಂವನ" ಎಂದು ಗಟ್ಟಿಯಾಗಿ ಹೇಳಿದೆ. ಬಡವನೊಬ್ಬನಿಗೆ ನ್ಯಾಯ ಕೊಡಿಸಿದೆನೆಂದು ನನ್ನ ಎದೆ ಉಬ್ಬಿತ್ತು, ದೇವರಾಣೆ.

ಆಗ ನೀಲಾ ಒಳಗೆ ಬಂದಳು. ಪಡಸಾಲೆಗೂ ಗಾದಿಗೂ ನಡುವೆ ಇದ್ದದ್ದು ತೆರೆದ ಬಾಗಿಲು ಮಾತ್ರ. ನಾವು ಅಂದದ್ದೆಲ್ಲ ಅವರಿಗೆ ಕೇಳಿಸಿತ್ತು. ಕೇಳಿಸುತ್ತದೆ ಎಂಬ ಖಬರೂ ನಮಗಿರಲಿಲ್ಲ.

"ಅಕ್ಕಾರ," ಎಂದಳು. ಗಂಡಸರನ್ನೆಲ್ಲ ಬಿಟ್ಟು ನನ್ನನ್ನೇ ನೋಡಿದಳು. "ನಮ್ಮನ್ನ ಯಾರರ ಒಂದ ಮಾತು ಕೇಳಿದ್ರೇನ್ರಿ?"

ನಾನು ಸೆರಗು ಸರಿಮಾಡಿಕೊಂಡೆ. ಅವಳು ಮುಂದುವರಿಸಿದಳು.

"ನಾವು ಸಾವ್ಕಾರ್ರ ಹೊಲಾನೂ ಅಲ್ಲ, ಕಾಕಾನ ಬೆಳೀನೂ ಅಲ್ಲ. ಓಡಿದ್ರ ಉಸುರು ಹತ್ತೂದು ನಮಗ. ಬಿದ್ರ ಕಾಲು ಒಡಿಯೂದು ನಮ್ದು. ಒಂದು ಇವರಿಗಿ ಒಂದು ಅವರಿಗಿ ಅಂತ ಹಂಚಾಕ ನಾವೇನು ಜ್ವಾಳದ ಚೀಲೇನ್ರಿ?"

ನಿಜಗುಣಪ್ಪನವರ ಮಾರಾಟದ ಮಾತಿಗೂ ಕುಗ್ಗದ ಭೀಮಶಿ ಈ ಮಾತಿಗೆ ಕುಗ್ಗಿಹೋದ. ಬಾಗಿಲ ಚೌಕಟ್ಟು ಹಿಡಿದುಕೊಂಡ. "ಹಂಗಂದ್ರ ನಾ ನಿಮಗ ಏನೂ ಅಲ್ಲೇನು ನೀಲಾ? ಇಷ್ಟು ದಿನ..." ಎಂದ.

"ಕಾಕಾ ಅದೀರಿ," ಎಂದಳು ಅವಳು.  "ಅದಕ್ಕ ನಿಮ್ಮ ಮುಂದನ ಹೇಳಾಕ ಹತ್ತೇನಿ. ಹಿಂದಿಂದ ಹೇಳಿಲ್ಲ."

ಯುವರಾಜನಿಗೆ ಖುಷಿಯಾಯಿತು. ಅವರನ್ನೇ ಕೇಳೋಣ, ತಾನು ಎರಡು ಪಟ್ಟು ಪಗಾರ ಕೊಡುತ್ತೇನೆ, ಹುಬ್ಬಳ್ಳಿಯಲ್ಲಿ ಒಳಾಂಗಣ ಮೈದಾನ ಇದೆ, ಕಟ್ಟಿಗೆಯ ನೆಲ ಇದೆ ಎಂದ. ಎಲ್ಲರೂ ನೀಲಾಳನ್ನು ನೋಡಿದೆವು. ಅವಳು ಇಲ್ಲ ಅನ್ನುತ್ತಾಳೆ, ಕಾಕಾನ ಕಾಲಿಗೆ ಬೀಳುತ್ತಾಳೆ ಎಂದು ನಾನು ಕಾದೆ. ಎಷ್ಟೆಂದರೂ ನನ್ನ ಮನಸ್ಸಿನಲ್ಲಿ ಅವಳು ಇನ್ನೂ ಭೀಮಶಿಯ ಪಾಲಿನವಳೇ ಆಗಿದ್ದಳು.

"ನಂಗ ಹೋಗಬೇಕು ಅನಸತೈತಿ," ಎಂದಳು ನೀಲಾ. "ಇಲ್ಲಿ ಸಿಮೆಂಟಿನ ಮ್ಯಾಲ ಜಿಗದು ಜಿಗದು ಮೊಳಕಾಲು ನೋಯ್ತಾವ. ಕಾಕಾಗೂ ಹೇಳಿಲ್ಲ ನಾ. ಹೇಳಿದ್ರ ಆಡಸೂದಿಲ್ಲ ಅಂತ ಅಂಜಿಕಿ ಇತ್ತು."

 ಭೀಮಶಿ ಅವಳ ಮುಖ ನೋಡಲಿಲ್ಲ, ಅವಳ ಕಾಲುಗಳನ್ನು ನೋಡಿದ. ಬಹಳ ಹೊತ್ತು ನೋಡಿದ. ಅವನು ತಿರುಗಿ ಹೊರಗೆ ನಡೆದುಬಿಡುತ್ತಾನೆ ಎಂದುಕೊಂಡೆ. ಹಾಗೆ ನಡೆದಿದ್ದರೂ ಯಾರೂ ತಪ್ಪು ತಿಳಿಯುತ್ತಿರಲಿಲ್ಲ. ಅವನು ಯುವರಾಜನ ಕುರ್ಚಿಯ ಹತ್ತಿರ ಬಂದು ನಿಂತ.

"ಸಾಹೇಬ್ರ, ಆಡೂವಾಗ ಮೊಳಕಾಲು ಹ್ವಾತಂದ್ರ ದವಾಖಾನಿ ಖರ್ಚು ಯಾರ್ದು?"

"ಅದನ್ನ ಆಮ್ಯಾಲ ನೋಡೂಣು," ಎಂದ ಯುವರಾಜ.

"ಆಮ್ಯಾಲ ಬ್ಯಾಡ್ರಿ. ಈಗ ಹೇಳ್ರಿ. ಆಡದ ತಿಂಗಳದ ಪಗಾರ ಕೊಡತೀರೋ ಇಲ್ಲೋ ಅದನ್ನೂ ಹೇಳ್ರಿ. ಒಂದ ಕಾಲಿನ್ಯಾಗ ಮನಿಗಿ ಬಂದಾಂವ ನಾ. ಅಕಿನ್ನ ಹಂಗ ಕಳಸಿ ಕೊಟ್ರ ನಡಿಯೂದಿಲ್ಲ."

ಯುವರಾಜ ನಮ್ಮ ಲೀಗಿನಲ್ಲಿ ಏನು ಕಾಯಿದೆ ಇದೆಯೋ ಹಾಗೆ ಎಂದ. ನಮ್ಮಲ್ಲಿ ಕಾಯಿದೆ ಎಲ್ಲಿತ್ತು? ಹಿಂದಿನ ವರ್ಷ ನನ್ನ ತಂಡದ ಹುಡುಗಿಯೊಬ್ಬಳ ಮುಂಗೈ ಮುರಿದಾಗ ನಾನು ಒಂದು ಬುಟ್ಟಿ ಹಣ್ಣು ತೆಗೆದುಕೊಂಡು ಹೋಗಿ ನೋಡಿ ಬಂದಿದ್ದೆ, ಅಷ್ಟೇ. ಅದೂ ಸಾಕೆಂದುಕೊಂಡಿದ್ದೆ. ಭೀಮಶಿ ಯುವರಾಜನನ್ನು ಬಿಟ್ಟು ನಮ್ಮ ಕಡೆ ತಿರುಗಿದ. ಹಾಗಾದರೆ ಕಾಯಿದೆ ಮಾಡಿರಿ, ಮಾಡುವ ತನಕ ಓಟು ಹಾಕಬೇಡಿರಿ ಎಂದ. ಅವನಿಗೆ ಓಟಿರಲಿಲ್ಲ, ಗಾದಿಯ ಮೇಲೆ ಕೂರುವ ಹಕ್ಕಿರಲಿಲ್ಲ. ಆದರೂ ನಾವು ನಾಲ್ವರು ಶಾಲೆಯ ಹುಡುಗರ ಹಾಗೆ ಬರೆದುಕೊಳ್ಳುತ್ತ ಹೋದೆವು. ಪೆಟ್ಟಾದರೆ ಖರ್ಚು ಮಾಲೀಕರದು. ವಾಸಿಯಾಗುವ ತನಕ ಪಗಾರ ನಿಲ್ಲಿಸುವಂತಿಲ್ಲ. ತಂಡ ಮಾರಾಟವಾದರೆ ಹುಡುಗಿ ಹೋಗುವುದೋ ಬಿಡುವುದೋ ಅವಳ ಇಷ್ಟ. ಹೊರಗಿದ್ದ ಹುಡುಗಿಯರು ಒಬ್ಬೊಬ್ಬರಾಗಿ ಒಳಗೆ ಬಂದು ಗೋಡೆಗುಂಟ ನಿಂತರು. ಗೌರೀಶ ಎರಡು ಸಲ ಗೊಣಗಿದ, ಬಸವಲಿಂಗ ಅವನ ಬಾಯಿ ಮುಚ್ಚಿಸಿದ. ನನ್ನ ಸ್ಲ್ಯಾಬಿನ ದುಡ್ಡು ಇನ್ನು ಮುಂದೆ ಯಾವ ಖರ್ಚಿಗೆ ಹೋಗಲಿದೆ ಎಂಬುದು ನನಗೆ ಗೊತ್ತಾಗುತ್ತಲೇ ಇತ್ತು.

ಆಮೇಲೆ ಓಟು ಆಯಿತು. ನಾಲ್ಕೂ ಕೈ ಎದ್ದವು. ಸೀಸನ್ನು ಬೈಲಹೊಂಗಲದ ಹೆಸರಿನಲ್ಲೇ ಮುಗಿಯಲಿ, ತಂಡ ಪಾಡ್ಯಕ್ಕೆ ಹುಬ್ಬಳ್ಳಿಗೆ ಹೋಗಲಿ ಎಂದಾಯಿತು.

ಉಳಿದ ಪಂದ್ಯಗಳಲ್ಲಿ ಭೀಮಶಿ ನೀಲಾಳನ್ನು ಅರ್ಧ ಹೊತ್ತು ಮಾತ್ರ ಆಡಿಸಿದ. ಮಿಕ್ಕ ಹೊತ್ತು ಅವಳು ಅವನ ಪಕ್ಕದ ಬೆಂಚಿನಲ್ಲಿ ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ಕೂತಿರುತ್ತಿದ್ದಳು. ಬೈಲಹೊಂಗಲ ಆ ವರ್ಷ ಗೆಲ್ಲಲಿಲ್ಲ, ರಾಮದುರ್ಗ ಗೆದ್ದಿತು. ಪಾಡ್ಯದ ದಿನ ಆರು ಹುಡುಗಿಯರು ಹುಬ್ಬಳ್ಳಿಯ ಗಾಡಿ ಹತ್ತಿದರು, ನಾಲ್ವರು ಉಳಿದರು. ಶಟ್ಟೆವ್ವ ಗಾಡಿ ಹೋಗುವ ತನಕ ಗಟ್ಟಿಯಾಗಿದ್ದು, ಆಮೇಲೆ ಒಳಗೆ ಹೋಗಿ ರೊಟ್ಟಿಯ ಹಿಟ್ಟು ಯಾರಿಗೆಂದು ಇಷ್ಟು ತಂದಿರಿ ಎಂದು ಗಂಡನ ಮೇಲೆ ಕೂಗಾಡಿದಳಂತೆ.

ಅದೇ ವಾರ ನಾನು ನೇಸರಗಿಗೆ ಹೋದೆ. ಬಾಡಿಗೆ ಮನೆ ಬಿಟ್ಟು ಬಂದಿದ್ದ ಭೀಮಶಿ ತನ್ನ ಮನೆಯ ಕಟ್ಟೆಯ ಮೇಲೆ ಕೂತಿದ್ದ. ನನ್ನನ್ನು ನೋಡಿ ಎದ್ದು ಚಾಪೆ ಹಾಸಿದ. ನಾನು ಸುತ್ತಿಬಳಸಲಿಲ್ಲ.

"ಭೀಮಶಿ, ಕಿತ್ತೂರು ಟೀಮ್ ನೀ ಪಾಲಿಗಿ ಮಾಡು. ಸಾವ್ಕಾರ್ರ ಜೋಡಿ ಇದ್ದ ಕರಾರನ ಇರಲಿ. ಬೇಕಾದ್ರ ಪಗಾರದ ಖರ್ಚು ಪೂರಾ ನಂದು. ಬಂದದ್ದರಾಗ ಅರ್ಧಾ ನಿಂಗ."

ಇದಕ್ಕಿಂತ ಒಳ್ಳೆಯ ಕರಾರನ್ನು ನಾನು ಜೀವನದಲ್ಲಿ ಯಾರಿಗೂ ಕೊಟ್ಟಿರಲಿಲ್ಲ. 

"ಬರತೇನ್ರಿ ಅಕ್ಕಾರ. ಆದ್ರ ಪಾಲು ಬ್ಯಾಡ್ರಿ. ಪಗಾರ ಕೊಡ್ರಿ."

"ಹುಚ್ಚಪ್ಪಾ, ಪಾಲಿನ್ಯಾಗ ಹೆಚ್ಚಿಗಿ ಸಿಗತೈತಲ್ಲೋ!"

"ಸಿಗತೈತ್ರಿ. ಆದ್ರ ಪಾಲು ಅಂದಕೂಡ್ಲೆ ನಂದು ಅನ್ನೂದು ಸುರು ಆಗತೈತಿ. ಅಕಿ ಕಾಲು ನೋಯ್ತಿದ್ದದ್ದು ನನಗ ಕಾಣಲಿಲ್ಲ ನೋಡ್ರಿ. ದಿನಾ ಮುಂಜಾನಿ ನನ್ನ ಎದುರಿಗೇ ಓಡ್ತಿದ್ಲು, ಆದ್ರೂ ಕಾಣಲಿಲ್ಲ. ನನಗ ಬೆಳಿ ಕಾಣ್ತಿತ್ತು." ಅವನು ಅಂಗೈಯಿಂದ ಮುಖ ಒರೆಸಿಕೊಂಡ. "ಹುಡುಗ್ಯಾರಿಗೆ ಯಾವತ್ತು ಪಗಾರ ಕೊಡತೀರೋ ಅವತ್ತ ನಂಗೂ ಕೊಡ್ರಿ. ಅವರ ಸಾಲಿನ್ಯಾಗ ನಿಂತು ತಗೋತೇನಿ."

ಹಾಗೇ ಆಯಿತು. ಈಗ ಪ್ರತಿ ತಿಂಗಳು ನನ್ನ ಅಂಗಡಿಯ ಮುಂದೆ ಹುಡುಗಿಯರು ಸಾಲಾಗಿ ನಿಲ್ಲುತ್ತಾರೆ, ಅವರ ಹಿಂದೆ ಎಲ್ಲರಿಗಿಂತ ಒಂದು ತಲೆ ಎತ್ತರದ ಭೀಮಶಿ ಎಡಕ್ಕೆ ವಾಲಿಕೊಂಡು ನಿಲ್ಲುತ್ತಾನೆ. ಪೇಟೆಯಲ್ಲಿ ಯಾರಾದರೂ ಈ ತಂಡ ಯಾರದು ಎಂದು ಕೇಳಿದರೆ ಮೊದಲು ನಾನು ಥಟ್ಟನೆ ನನ್ನದು ಎನ್ನುತ್ತಿದ್ದೆ. ಈಗ ಆ ಮಾತು ಬಾಯಿಗೆ ಬರುವಾಗ ಆ ಸಾಲನ್ನು ಒಮ್ಮೆ ನೋಡುತ್ತೇನೆ, ಹೇಳಲಾಗುವುದಿಲ್ಲ.